ಶ್ರೀರಂಗಪಟ್ಟಣದಲ್ಲಿರೋ ಇಂಗ್ಲಿಷರ ಗೋರಿಗಳ ಹತ್ರ ದೆವ್ವ ಇದೆ ಅಂತಾರಲ್ಲ, ಯಾರಾದ್ರೂ ಹೋಗಿದ್ದೀರಾ?

ಬೆಲ್ಲದ ಆಲೆ
ನಮಸ್ಕಾರ ಎಲ್ರಿಗೂ. ನಾನು ಮಂಡ್ಯ ಕಡೆಯವಳು, ಈಗ ಮೈಸೂರಲ್ಲಿ ಕೆಲಸ. ಹೋದ ತಿಂಗಳು ನಮ್ಮ ದೊಡ್ಡಪ್ಪ ತೀರ್ಕೊಂಡ್ರು, ಬೂದಿ ಬಿಡೋಕೆ ಪಶ್ಚಿಮವಾಹಿನಿಗೆ ಹೋಗಿದ್ವಿ. ಕಾರ್ಯ ಎಲ್ಲ ಮುಗಿಸ್ಕೊಂಡು ಊರಿಗೆ ವಾಪಸ್ ಹೋಗ್ತಾ ಶ್ರೀರಂಗಪಟ್ಟಣದಲ್ಲಿ ಹಳೇ ಹೈವೇ ಪಕ್ಕ ಟೀಗೆ ಅಂತ ಗಾಡಿ ನಿಲ್ಸಿದ್ರು. ಅಲ್ಲಿಂದ ನದಿ ಕಡೆಗೆ ಮುನ್ನೂರು ಗಜ ಹೋದ್ರೆ ಗ್ಯಾರಿಸನ್ ಸಿಮೆಟರಿ, ಅಂದ್ರೆ ಬ್ರಿಟಿಷ್ ದಂಡಿನವರ ಹಳೇ ಸ್ಮಶಾನ ಸಿಗುತ್ತೆ. ನಾನು ಅತ್ಲಾಗೆ ಕತ್ತು ತಿರುಗ್ಸಿದ್ದೇ ತಡ ನಮ್ಮ ಸೋದರತ್ತೆ ನನ್ನ ಕೈ ಹಿಡ್ಕೊಂಡು ಎಳೆದ್ರು. "ಅತ್ಲಾಗೆ ನೋಡ್ಬ್ಯಾಡ ಕಣವ್ವ, ಸೂತಕದಲ್ಲಿ ಇದ್ದೀವಿ, ಗಾಳಿ ಮೆಟ್ಕತದೆ" ಅಂದ್ರು.

ಚಿಕ್ಕೋಳಿದ್ದಾಗಿಂದ ಕೇಳಿರೋ ಮಾತೇ ಅದು. ಮಗು ಎತ್ಕೊಂಡ ಬಿಳೀ ಹೆಂಗಸು ರಾತ್ರಿ ಹೊತ್ತು ಹೊಳೆ ಕಡೆ ಇಳೀತಾಳೆ, ಮಗು ಅಳೋ ಸದ್ದು ಕೇಳುತ್ತೆ, ಹಿಂತಿರುಗಿ ನೋಡಿದ್ರೆ ಜ್ವರ ಬಂದು ಮಲಗೋದೇ ಅಂತ ನಮ್ಮಜ್ಜಿ ಹೇಳೋರು. "ನಾಳೆ ಬಾ" ಅಂತ ಬಾಗಿಲ ಮೇಲೆ ಬರೀತಿದ್ದ ಕಾಲದಲ್ಲಿ ಬೆಳೆದೋರಿಗೆ ಆ ಭಯ ಎಂಥದ್ದು ಅಂತ ಗೊತ್ತಿರುತ್ತೆ, ನಮ್ಮನೆ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ಬರ್ದಿತ್ತು, ಮಳೇಲಿ ಅಳಿಸಿಹೋದ್ರೆ ಮತ್ತೆ ಬರಿಯೋ ಕೆಲಸ ನನ್ನದೇ.

ಸೂತಕ ಕಳೆದ ಮೇಲೆ ಒಂದು ಶನಿವಾರ ಒಬ್ಬಳೇ ಹೋಗ್ಬಿಟ್ಟೆ. ಬೆಳಗ್ಗೆ ಒಂಬತ್ತು ಗಂಟೆ ಇರ್ಬೇಕು, ಯಾರೂ ಇರ್ಲಿಲ್ಲ. ನಾನು ಅಂದ್ಕೊಂಡಿದ್ದೇ ಬೇರೆ, ಎಲ್ಲ ದೊಡ್ಡ ದೊಡ್ಡ ಸಿಪಾಯಿಗಳ ಗೋರಿ ಇರುತ್ತೆ ಅಂತ. ದೊಡ್ಡವೂ ಇವೆ, ಇಟ್ಟಿಗೆ ಕಟ್ಟಿ ಗಾರೆ ಮೆತ್ತಿ ಮೇಲಕ್ಕೆ ಚೂಪಾಗಿ ಎತ್ತಿರೋವು. ಆದ್ರೆ ಅವುಗಳ ಮಧ್ಯೆ ಸಣ್ಣ ಸಣ್ಣವೂ ಇವೆ. ಒಂದರ ಪಕ್ಕ ಕೂತ್ಕೊಂಡೆ, ಗಾರೆ ಎದ್ದುಹೋಗಿ ಒಳಗಿನ ಇಟ್ಟಿಗೆ ಕಾಣ್ತಿತ್ತು, ಒಂದು ಓತಿಕ್ಯಾತ ಅದರ ಮೇಲೆ ಬಿಸಿಲು ಕಾಯಿಸ್ತಾ ನನ್ನೇ ನೋಡ್ತಿತ್ತು. ಯಾಕೋ ಗೊತ್ತಿಲ್ಲ, ಹೂವು ಅಳೆಯೋ ಹಾಗೆ ಮೊಳ ಹಾಕಿ ನೋಡ್ದೆ. ಎರಡು ಮೊಳ. ಅಷ್ಟೇ. ಅಲ್ಲಿಂದ ಏಳೋಕೆ ಆಗ್ಲಿಲ್ಲ ನನಗೆ ಸ್ವಲ್ಪ ಹೊತ್ತು.

ನನ್ನ ಪ್ರಶ್ನೆ ಇಷ್ಟೇ. ಆ ಜಾಗದ ಬಗ್ಗೆ ಗೊತ್ತಿರೋರು ಹೇಳಿ, ಯಾರವರೆಲ್ಲ? ಯಾಕಿಷ್ಟು ಮಕ್ಕಳು? ಮತ್ತೆ ಯಾರಿಗಾದ್ರೂ ಅಲ್ಲಿ ನಿಜವಾಗ್ಲೂ ಏನಾದ್ರೂ ಅನುಭವ ಆಗಿದ್ರೆ ಅದನ್ನೂ ಹೇಳಿ, ನಾನು ನಗಲ್ಲ.

ರಾತ್ರಿ ಪಾಳಿ
ಅಕ್ಕ ನಾನು ಹನ್ನೆರಡು ವರ್ಷದಿಂದ ಟ್ಯಾಕ್ಸಿ ಓಡಿಸ್ತಿದ್ದೀನಿ, ಎಕ್ಸ್‌ಪ್ರೆಸ್‌ವೇ ಆಗೋಕ್ ಮುಂಚೆ ಏರ್‌ಪೋರ್ಟ್ ಟ್ರಿಪ್ ಎಲ್ಲ ಪಟ್ಟಣದ ಒಳಗೇ ಹೋಗ್ಬೇಕಿತ್ತು. ಒಂದು ಡಿಸೆಂಬರ್ ರಾತ್ರಿ ಎರಡೂವರೆ ಇರ್ಬೇಕು, ಮಂಜು ಅಂದ್ರೆ ಮಂಜು, ಮೂತ್ರಕ್ಕೆ ಅಂತ ಆ ಕಡೆ ಗಾಡಿ ನಿಲ್ಸಿದೆ. ಮಗು ಅತ್ತಂಗಾಯ್ತು. ಒಂದ್ ಸಲ ಅಲ್ಲ, ಮೂರ್ ಸಲ, ಒಂದು ಕಡೆಯಿಂದ ಶುರುವಾಗಿ ಇನ್ನೊಂದು ಕಡೆಯಿಂದ ಉತ್ತರ ಕೊಟ್ಟಂಗೆ. ಮೈಯೆಲ್ಲ ಜುಂ ಅಂತು. ಗಾಡಿ ಹತ್ತಿ ಮದ್ದೂರು ತನಕ ಗ್ಲಾಸ್ ಇಳಿಸ್ಲಿಲ್ಲ. ಮಾರನೇ ದಿನ ಜ್ವರ ಬಂತು, ನಮ್ಮವ್ವ ನಿಂಬೆಹಣ್ಣು ಇಳೇ ತೆಗೆದು ಮೂರುದಾರೀಲಿ ಹಾಕಿದ್ಮೇಲೇ ಬಿಡ್ತು. ಯಾರ್ ಏನೇ ಹೇಳ್ಲಿ ಅಲ್ಲಿ ಏನೋ ಐತೆ.

ಗಂಜಾಂ ಅಂಜೂರ
ಅಣ್ಣ ನಿಮ್ಮ ಭಯ ಸುಳ್ಳು ಅನ್ನಲ್ಲ, ನಾನು ಇಲ್ಲೇ ಹುಟ್ಟಿ ಬೆಳೆದೋನು, ನನಗೂ ಆಗಿದೆ. ಆದ್ರೆ ಆ ಸದ್ದು ನಾನು ವಾರಕ್ಕೆ ನಾಲ್ಕು ದಿನ ಕೇಳ್ತೀನಿ. ಸುತ್ತ ಕಬ್ಬಿನ ಗದ್ದೆ, ಕಬ್ಬಿನ ಗದ್ದೇಲಿ ಗುಳ್ಳೆನರಿ. ಒಂದು ಊಳಿಟ್ರೆ ಇನ್ನೊಂದು ಉತ್ತರ ಕೊಡುತ್ತೆ, ಅದರ ಮರಿಗಳು ಕೂಗೋದು ಥೇಟ್ ಕೈಕೂಸು ಅತ್ತಂಗೇ. ಇನ್ನೊಂದು ಕಲ್ಲುಗೊರವ ಅಂತ ಹಕ್ಕಿ, ಹಗಲೆಲ್ಲ ಕಲ್ಲಿನ ಥರ ಕೂತಿರುತ್ತೆ, ಕತ್ತಲಾದ್ಮೇಲೆ ಅದರ ಕೂಗು ಕೇಳಿದ್ರೆ ಎದೆ ಹಿಂಡ್ದಂಗಾಗುತ್ತೆ. ಹಳೇ ಕಟ್ಟಡಗಳ ಸಂದೀಲಿ ಇರೋ ಬಿಳೀ ಮುಖದ ಗೂಬೆ ಬೇರೆ, ಅದು ರೆಕ್ಕೆ ಸದ್ದೇ ಇಲ್ದಂಗೆ ಹಾರುತ್ತೆ, ಬೆಳದಿಂಗಳಲ್ಲಿ ಹೊಟ್ಟೆ ಬೆಳ್ಳಗೆ ತೇಲ್ಕೊಂಡು ಹೋಗ್ತಿರೋ ಹಾಗೆ ಕಾಣುತ್ತೆ, ಕಿರುಚಿದ್ರೆ ಹೆಂಗಸು ಕಿರುಚಿದಂಗೆ. ರಂಗನತಿಟ್ಟಿನ ದೊಡ್ಡ ಬಾವಲಿಗಳು ಸಾಯಂಕಾಲ ಹೊರಡ್ತಾವಲ್ಲ, ಆವಾಗ ಆಕಾಶ ಒಂದು ಸಲ ನೋಡಿ.

ಬೇಜಾರಾಗೋದು ಏನಂದ್ರೆ, ಈ ದೆವ್ವದ ಸುದ್ದಿ ಕೇಳ್ಕೊಂಡು ರಾತ್ರಿ ವಿಡಿಯೋ ಮಾಡೋಕೆ ಬರೋ ಹುಡುಗ್ರು. ಒಂದು ಸಲ ನಾಲ್ಕು ಜನ ಬಂದು ಗೋರಿ ಮೇಲೇ ಹತ್ತಿ ನಿಂತ್ಕೊಂಡು ಟಾರ್ಚ್ ಬಿಡ್ತಿದ್ರು. ಗಾರೆ ಅಂಚು ಕಿತ್ಕೊಂಡು ಒಬ್ಬ ಬಿದ್ದ, ಪಾದ ಉಳುಕಿ ಊತ. ನಾನೇ ಬೈಕಲ್ಲಿ ಕೂರಿಸ್ಕೊಂಡು ಕರ್ಕೊಂಡು ಹೋಗಿ ಪಟ್ಟಿ ಹಾಕಿಸಿದ್ದು. ದಾರಿ ಉದ್ದಕ್ಕೂ "ಯಾರೋ ತಳ್ಳಿದ್ರು ಸಾ" ಅಂತಿದ್ದ. ಇನ್ನೂರು ವರ್ಷದ ಗಾರೆ ಕಣಪ್ಪ ಅದು, ನಿನ್ನ ಭಾರ ತಡಿಯುತ್ತಾ ಅಂತ ಕೇಳ್ದೆ, ಅವನಿಗೆ ನೋವಿಗಿಂತ ಆ ವಿಡಿಯೋ ಹೋಯ್ತಲ್ಲ ಅನ್ನೋದೇ ಚಿಂತೆ.

ಹಳೇ ಮೇಷ್ಟ್ರು
ಬೆಲ್ಲದ ಆಲೆ ಅವರೇ, ಒಳ್ಳೇ ಪ್ರಶ್ನೆ ಕೇಳಿದ್ದೀರಿ ತಾಯಿ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದೋನು, ಪ್ರತಿ ವರ್ಷ ಮಕ್ಕಳನ್ನ ಪಟ್ಟಣಕ್ಕೆ ಕರ್ಕೊಂಡು ಬರ್ತಿದ್ದೆ, ದರಿಯಾ ದೌಲತ್ತು, ಗುಂಬಜ್, ರಂಗನಾಥಸ್ವಾಮಿ ಗುಡಿ ಎಲ್ಲ ತೋರಿಸ್ತಿದ್ದೆ, ಈ ಜಾಗ ಒಂದನ್ನ ಬಿಟ್ಟು. ತಂದೆತಾಯಿಗಳು ಬೇಡ ಅಂತಿದ್ರು, ನಾನೂ ಒತ್ತಾಯ ಮಾಡ್ಲಿಲ್ಲ. ಅದಕ್ಕೆ ಈಗ್ಲೂ ಮನಸ್ಸಿಗೆ ಕಸಿವಿಸಿ.

ಅಲ್ಲಿ ಸುಮಾರು 300 ಸಮಾಧಿ ಇವೆ. ಅದರಲ್ಲಿ ಅಧಿಕಾರಿಗಳದ್ದು 80ರ ಆಸುಪಾಸು, ಉಳಿದದ್ದೆಲ್ಲ ಹೆಂಗಸರು ಮಕ್ಕಳು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಹೋರಾಡ್ತಾ ಮಡಿದ. ಮಾರನೇ ದಿನ ಗುಂಬಜಲ್ಲಿ ತಂದೆ ಹೈದರಾಲಿ ಪಕ್ಕ ಅವನನ್ನ ಮಣ್ಣು ಮಾಡಿದ್ರು, ಆ ರಾತ್ರಿ ಎಂಥಾ ಗುಡುಗು ಮಳೆ ಬಂತು ಅಂದ್ರೆ ಬ್ರಿಟಿಷರ ಪಾಳೆಯದಲ್ಲಿ ಸಿಡಿಲು ಬಡಿದು ಇಬ್ಬರು ಅಧಿಕಾರಿಗಳು ಸತ್ತರು. ಅವತ್ತಿನ ಸೈನಿಕರೇ ಬರೆದಿಟ್ಟಿರೋ ಸಂಗತಿ ಇದು. ಪಟ್ಟಣದ ದೆವ್ವದ ಕತೆಗಳಿಗೆ ಬೇರು ಹುಡುಕ್ತೀರಿ ಅಂದ್ರೆ ಆ ರಾತ್ರಿಯಿಂದಲೇ ಶುರು ಮಾಡ್ಬೇಕು.

ಆದ್ರೆ ನಿಮ್ಮ ಪ್ರಶ್ನೆ ಮಕ್ಕಳದ್ದು. ಆ ಮಕ್ಕಳು ಯುದ್ಧದಲ್ಲಿ ಸತ್ತೋರಲ್ಲ. ಗೆದ್ದ ಮೇಲೆ ಬ್ರಿಟಿಷರು ಇಲ್ಲೇ ದಂಡು ಹೂಡಿ ಸಂಸಾರ ತಂದ್ರು. ದ್ವೀಪ, ಸುತ್ತ ಕಾವೇರಿ, ನಾಲೆ, ಭತ್ತದ ಗದ್ದೆ. ಚಳಿಜ್ವರ ಹಿಡೀತು. ಎಷ್ಟರಮಟ್ಟಿಗೆ ಅಂದ್ರೆ 1809ರಲ್ಲಿ ದಂಡನ್ನೇ ಕಿತ್ಕೊಂಡು ಬೆಂಗಳೂರಿಗೆ ಹೋದ್ರು, ಬೆಂಗಳೂರು ದಂಡು ಅಂತ ಇವತ್ತೂ ಕರೀತೀವಲ್ಲ ಅದು ಹುಟ್ಟಿದ್ದು ಪಟ್ಟಣದ ಸೊಳ್ಳೆಯಿಂದ. ಸೊಳ್ಳೆ ಅಂತ ಅವರಿಗೆ ಗೊತ್ತಿರ್ಲಿಲ್ಲ ಪಾಪ. ರೊನಾಲ್ಡ್ ರಾಸ್ ಸಿಕಂದರಾಬಾದಲ್ಲಿ ಸೊಳ್ಳೆ ಹೊಟ್ಟೇಲಿ ಆ ಕ್ರಿಮಿ ಕಂಡಿದ್ದು 1897ರಲ್ಲಿ, ಕೋಟೆ ಬಿದ್ದು ಹತ್ರ ಹತ್ರ ನೂರು ವರ್ಷ ಆದ್ಮೇಲೆ. ಅಲ್ಲೀವರೆಗೂ ಜೌಗು ನೆಲದ ಕೆಟ್ಟ ಗಾಳಿಯಿಂದ ಜ್ವರ ಬರುತ್ತೆ ಅಂತಲೇ ನಂಬಿದ್ರು. ಮಲೇರಿಯಾ ಅನ್ನೋ ಪದದ ಅರ್ಥನೇ ಇಟಾಲಿಯನ್ ಭಾಷೇಲಿ ಕೆಟ್ಟ ಗಾಳಿ. ನಿಮ್ಮ ಸೋದರತ್ತೆ ಗಾಳಿ ಮೆಟ್ಕತದೆ ಅಂದ್ರಲ್ಲ, ಅಲ್ಲಿ ಮಲಗಿರೋ ಮಕ್ಕಳ ತಾಯಂದಿರೂ ಗಾಳಿಗೇ ಹೆದರಿದೋರು.

ಕೋಟೆ ಬಾಗ್ಲು
ಮೇಷ್ಟ್ರೇ ಗೌರವ ಇಟ್ಕೊಂಡೇ ಕೇಳ್ತೀನಿ, ನಮ್ಮೂರನ್ನ ಲೂಟಿ ಮಾಡಿದೋರ ಗೋರಿಗೆ ನಾವ್ಯಾಕೆ ಕಣ್ಣೀರು ಹಾಕ್ಬೇಕು. ಅವತ್ತು ಕೋಟೆ ಒಳಗೆ ಸತ್ತ ನಮ್ಮೋರು ಸಾವಿರಾರು ಜನ. ಅವರಿಗೆ ಕಲ್ಲು ಎಲ್ಲಿದೆ? ಅವರ ಹೆಂಡ್ತಿ ಮಕ್ಕಳ ಹೆಸರು ಯಾರು ಬರೆದಿಟ್ರು? ಕೋಟೆ ಒಡೆದ ಜಾಗದಲ್ಲಿ ಇಂಗ್ಲಿಷ್ ಅಧಿಕಾರಿಗಳ ಹೆಸರು ಕೆತ್ತಿ 1907ರಲ್ಲಿ ಸ್ತಂಭ ನಿಲ್ಲಿಸಿದ್ದಾರೆ, ದಿನಾ ನೋಡ್ತೀನಿ, ದಿನಾ ಹೊಟ್ಟೆ ಉರಿಯುತ್ತೆ.

ಹಳೇ ಮೇಷ್ಟ್ರು
ನಿಮ್ಮ ಹೊಟ್ಟೆ ಉರಿ ನ್ಯಾಯವಾದದ್ದೇ. ಹೆಸರಿಲ್ಲದೆ ಮಣ್ಣಾದ ನಮ್ಮೋರಿಗೆ ಒಂದು ಕಲ್ಲು ಬೇಕು ಅಂತ ನೀವು ಅರ್ಜಿ ಬರೀರಿ, ಮೊದಲ ಸಹಿ ನಂದು.

ಆದ್ರೂ ಒಂದು ಮಾತು. ಅಲ್ಲಿರೋರೆಲ್ಲ ಇಂಗ್ಲಿಷರೇ ಅಲ್ಲ. ಡಿ ಮ್ಯೂರಾನ್ ರೆಜಿಮೆಂಟ್ ಅಂತ ಇತ್ತು, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಕಡೆಯವನು 1781ರಲ್ಲಿ ಕಟ್ಟಿದ ಬಾಡಿಗೆ ಸೈನ್ಯ. ಮೊದಲು ಡಚ್ಚರ ಕೈಕೆಳಗೆ ಸಿಂಹಳದಲ್ಲಿ ಕಾವಲು, 1795ರಲ್ಲಿ ಇಡೀ ಪಡೆಯೇ ಬ್ರಿಟಿಷರ ಕಡೆ ಬಂತು, ನಾಲ್ಕು ವರ್ಷಕ್ಕೆ ಪಟ್ಟಣದ ಕೋಟೆ ಮುಂದೆ. ಇಲ್ಲಿಂದ ಬದುಕಿ ಹೋದೋರನ್ನ ಆಮೇಲೆ ಕೆನಡಾಕ್ಕೆ ಕಳಿಸಿದ್ರು. ಹಿಮದ ಬೆಟ್ಟದಲ್ಲಿ ಹುಟ್ಟಿದ ಹುಡುಗ್ರು, ಸಂಬಳಕ್ಕೆ ಅಂತ ಬಂದು ಕಾವೇರಿ ದಡದಲ್ಲಿ ಮಲಗಿದ್ದಾರೆ. ಆ ಡಿ ಮ್ಯೂರಾನ್ ಮನೆತನದ ಈಗಿನ ವಂಶಸ್ಥರೇ ದುಡ್ಡು ಹಾಕಿ 2008ರ ಹೊತ್ತಿಗೆ ಈ ಜಾಗನ ರಿಪೇರಿ ಮಾಡಿಸಿದ್ದು. ಅಲ್ಲೀವರೆಗೂ ಬರೀ ಮುಳ್ಳುಕಂಟಿ, ಹಾವು.

ಇನ್ನು ಗುಂಬಜ್ ಪಕ್ಕದಲ್ಲಿ ಕರ್ನಲ್ ಬೇಲಿ ಸ್ಮಾರಕ ಇದೆಯಲ್ಲ, ನೋಡಿರ್ತೀರಿ. 1780ರಲ್ಲಿ ಪೊಳ್ಳಿಲೂರಲ್ಲಿ ಟಿಪ್ಪು ಕೈಲಿ ಸೋತು ಸೆರೆಯಾದೋನು, ಎರಡು ವರ್ಷಕ್ಕೆ ಇಲ್ಲೇ ಬಂದೀಖಾನೇಲಿ ಸತ್ತ. ಅವನ ಅಣ್ಣತಮ್ಮನ ಮಗ 1816ರಲ್ಲಿ ಅದನ್ನ ಕಟ್ಟಿಸಿದ್ದು. ಒಂದೇ ತೋಟದ ಬೇಲಿಯೊಳಗೆ ಇಬ್ಬರೂ ವೈರಿಗಳು. ಅವನ ಜೊತೆ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್ ಅನ್ನೋನೇ ಸುಮಾರು ನಾಲ್ಕು ವರ್ಷ ಸರಪಳೀಲಿ ಕೊಳೆತು ಬಿಡುಗಡೆಯಾಗಿ, 1799ರಲ್ಲಿ ವಾಪಸ್ ಬಂದು ಕೋಟೆಗೆ ನುಗ್ಗೋ ಪಡೆಯ ಮುಂದಾಳು ಆದ.

ಕೋಟೆ ಬಾಗ್ಲು
ಇದು ಗೊತ್ತಿರ್ಲಿಲ್ಲ ಮೇಷ್ಟ್ರೇ. ಅರ್ಜಿ ಬರೀತೀನಿ, ನಿಮ್ಮ ಹತ್ರ ತಿದ್ದಿಸ್ಕೋತೀನಿ. ಆದ್ರೆ ಸ್ಕಾಟ್ ಬಂಗಲೆ ಕತೆ ಯಾರೂ ಹೇಳ್ಲಿಲ್ವಲ್ಲ, ಬಿಳೀ ಹೆಂಗಸಿನ ಮಾತು ಬರೋದೇ ಅಲ್ಲಿಂದ.

ಗಂಜಾಂ ಅಂಜೂರ
ಹೌದು ಅದನ್ನ ಹೇಳ್ಲೇಬೇಕು. ನಮ್ಮ ತಾತ ಹೇಳ್ತಿದ್ದ ಹಾಗೆ, ಕರ್ನಲ್ ಸ್ಕಾಟ್ ಅಂತ, ಪಟ್ಟಣದಲ್ಲಿ ಫಿರಂಗಿ ಗಾಡಿ ಮಾಡೋ ಕಾರ್ಖಾನೆ ನೋಡ್ಕೊಳ್ತಿದ್ದೋನು, ಹೊಳೆ ದಡದಲ್ಲಿ ಬಂಗಲೆ. ಒಂದಿನ ಕೆಲಸದಿಂದ ಮನೆಗೆ ಬಂದ್ರೆ ಹೆಂಡ್ತಿ ಮಕ್ಕಳು ಎಲ್ರೂ ಕಾಲರಾದಲ್ಲಿ ಸತ್ತು ಮಲಗಿದ್ದಾರೆ. ಉಟ್ಟ ಬಟ್ಟೇಲೇ ಹೊಳೆ ಕಡೆ ನಡ್ಕೊಂಡು ಹೋದೋನು ಮತ್ತೆ ಕಾಣಲೇ ಇಲ್ಲ. ಮಹಾರಾಜರು ಆ ಮನೇನ ಹೆಂಗಿತ್ತೋ ಹಂಗೇ ಬಿಡಿ, ಅವನು ಬಂದ್ರೆ ಬೇಕಾಗುತ್ತೆ ಅಂತ ಅಪ್ಪಣೆ ಮಾಡಿದ್ರು, ಮಂಚ ಕುರ್ಚಿ ಎಲ್ಲ ಅಲ್ಲಲ್ಲೇ ಗೆದ್ದಲು ತಿಂದು ಬಿದ್ದೋಯ್ತು. ಇದು ಕತೆ.

ಹಳೇ ಮೇಷ್ಟ್ರು
ಕತೆ ಹಾಗೆ. ನಡೆದದ್ದು ಸ್ವಲ್ಪ ಬೇರೆ. ಅವನ ಹೆಂಡತಿ ಕ್ಯಾರೊಲಿನ್ ಇಸಾಬೆಲ್ಲಾ ಸ್ಕಾಟ್. ತೀರಿಕೊಂಡಿದ್ದು 1817ರಲ್ಲಿ, ಹೆರಿಗೆಯಲ್ಲಿ, ಮಗುವೂ ಉಳಿಯಲಿಲ್ಲ. ಸಮಾಧಿ ಈ ಗ್ಯಾರಿಸನ್ ಸಿಮೆಟರಿಯಲ್ಲೇ ಇದೆ. ಕಾಲರಾ ಎಲ್ಲಿಂದ ಬಂತು ಅಂದ್ರೆ, ಅದೇ 1817ರಲ್ಲೇ ಬಂಗಾಳದ ಜೆಸ್ಸೋರಲ್ಲಿ ಮೊದಲ ದೊಡ್ಡ ಕಾಲರಾ ಮಾರಿ ಎದ್ದಿದ್ದು, ಮುಂದಿನ ವರ್ಷ ತೆಂಕಣಕ್ಕೂ ಇಳೀತು. ಊರೂರೇ ಬರಿದಾದ ಕಾಲ. ಜನ ನೆನಪಿಟ್ಟುಕೊಂಡು ಹೇಳುವಾಗ ಆ ವರ್ಷದ ಸಾವೆಲ್ಲ ಕಾಲರಾ ಸಾವೇ ಆಗಿಬಿಟ್ಟಿದೆ ಅನ್ನೋದು ನನ್ನ ಅಂದಾಜು.

ಲೇಬರ್ ವಾರ್ಡ್ ಸಿಸ್ಟರ್
ಸುಮ್ನೆ ಓದ್ತಿದ್ದೆ, ಇದಕ್ಕೆ ಮಾತ್ರ ಬರೀಲೇಬೇಕು ಅನ್ನಿಸ್ತು. ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಲ್ಲೇ ಕೆಲಸ ಮಾಡಿದ್ದೀನಿ. ನಮ್ಮ ಮಳವಳ್ಳಿ ಕಡೆ ಹಳ್ಳಿಗಳಲ್ಲಿ ಬಸುರಿ ಬಾಣಂತಿ ಸತ್ತರೆ ದೆವ್ವ ಆಗ್ತಾಳೆ ಅಂತಾರೆ, ಅವಳ ಆಸೆ ಮಗೂ ಮೇಲೇ ಇರುತ್ತೆ, ಹೊಟ್ಟೆಯ ಭಾರ ಇಳಿದಿರಲ್ಲ ಅಂತ. ಎಲ್ಲ ಊರಲ್ಲೂ ದೆವ್ವ ಅಂದ್ರೆ ಮಗು ಎತ್ಕೊಂಡಿರೋ ಬಿಳೀ ಸೀರೆ ಹೆಂಗಸು ಯಾಕೆ ಅಂತ ಯೋಚ್ನೆ ಮಾಡಿದ್ದೀರಾ? ಆಗಿನ ಕಾಲಕ್ಕೆ ಅಷ್ಟು ಜನ ಹಂಗೇ ಸಾಯ್ತಿದ್ರು. ರಕ್ತ ನಿಲ್ತಿರ್ಲಿಲ್ಲ, ನಂಜು ಏರ್ತಿತ್ತು, ಮಗು ಅಡ್ಡ ಬರ್ತಿತ್ತು. ಇವತ್ತು ಒಂದು ಇಂಜೆಕ್ಷನ್ನಲ್ಲಿ ನಿಲ್ಲೋ ರಕ್ತ ಅದು. ಚಳಿಜ್ವರ ಬೇರೆ ಸೇರ್ಕೊಂಡ್ರೆ ಬಸುರಿಗೆ ರಕ್ತಾನೇ ಇರಲ್ಲ ಮೈಯಲ್ಲಿ, ಅಂಥವಳು ಹೆರಿಗೆ ಹೆಂಗೆ ತಡ್ಕೋತಾಳೆ.

ಆದ್ರೆ ನಮ್ಮ ಹಳ್ಳಿಯವರು ಬರೀ ಹೆದ್ರಿ ಸುಮ್ನಾಗ್ಲಿಲ್ಲ. ಹೊರೆಗಲ್ಲು ನೋಡಿರ್ತೀರಿ, ರಸ್ತೆ ಪಕ್ಕ ಎರಡು ಕಲ್ಲು ನಿಲ್ಸಿ ಮೇಲೊಂದು ಅಡ್ಡ ಚಪ್ಪಡಿ, ಎದೆ ಮಟ್ಟ. ಸೌದೆ ಹೊರೆ, ಹುಲ್ಲು ಹೊರೆ ಹೊತ್ಕೊಂಡು ಬರೋರು ಯಾರ ಸಹಾಯನೂ ಇಲ್ದೆ ಅದರ ಮೇಲೆ ಭಾರ ಇಳಿಸಿ ಸುಧಾರಿಸ್ಕೊಂಡು ಮತ್ತೆ ಹೊತ್ಕೊಳ್ಳೋಕೆ. ಬಸುರಿ ಸತ್ತರೆ ಅವಳ ಹೆಸರಲ್ಲಿ ಅದನ್ನ ನೆಡೋರು. ದಾರಿಹೋಕರು ತಲೆ ಭಾರ ಇಳಿಸ್ದಂಗೆಲ್ಲ ಅವಳ ಹೊಟ್ಟೆ ಭಾರ ಇಳಿಯುತ್ತೆ ಅಂತ. ನಮ್ಮೂರ ಹೊರೆಗಲ್ಲಿನ ಚಪ್ಪಡಿ ಮಧ್ಯ ಸವೆದು ನುಣ್ಣಗಾಗಿದೆ, ನಾನು ಚಿಕ್ಕವಳಾಗಿ ಹುಲ್ಲು ತರೋವಾಗ ಅಲ್ಲೇ ಇಳಿಸ್ತಿದ್ದೆ. ರಸ್ತೆ ಅಗಲ ಮಾಡೋವಾಗ ಕಿತ್ತು ಪಕ್ಕಕ್ಕೆ ಹಾಕಿದ್ದಾರೆ.

ಆ ಕ್ಯಾರೊಲಿನ್ ಅಮ್ಮನಿಗೆ ಯಾರು ಹೊರೆಗಲ್ಲು ನೆಡ್ತಾರೆ? ಅವಳ ಜನಕ್ಕೆ ಆ ಪದ್ಧತಿನೇ ಗೊತ್ತಿಲ್ಲ. ಅವಳನ್ನ ದೆವ್ವ ಅನ್ಬೇಡಿ, ಕೇಳೋಕಾಗಲ್ಲ ನನಗೆ.

ರಾತ್ರಿ ಪಾಳಿ
ಸಿಸ್ಟರಕ್ಕ ಇದನ್ನ ಓದಿ ಗಾಡಿ ಸೈಡಿಗೆ ಹಾಕ್ಬಿಟ್ಟೆ. ನಮ್ಮ ದೊಡ್ಡಕ್ಕ ಹಂಗೇ ಹೋಗಿದ್ದು, ನಾನು ಆರನೇ ಕ್ಲಾಸು. ಆಸ್ಪತ್ರೆ ಮುಟ್ಟೋ ಮುಂಚೆ ದಾರೀಲೇ. ಆವತ್ತು ಕೇಳಿದ ಸದ್ದು ನರಿಯೇ ಇರ್ಬೋದು, ಆದ್ರೆ ನಾನು ಅಷ್ಟು ಹೆದರಿದ್ದು ಯಾಕೆ ಅಂತ ಈಗ ಗೊತ್ತಾಗ್ತಿದೆ.

ಬೆಲ್ಲದ ಆಲೆ
ಎಲ್ರಿಗೂ ಕೈ ಮುಗೀತೀನಿ. ಒಂದು ವಾರ ಏನೂ ಬರೀಲಿಲ್ಲ, ಯಾಕಂದ್ರೆ ಮೇಷ್ಟ್ರು ಸಿಸ್ಟರು ಬರ್ದಿದ್ದನ್ನ ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಸೋದರತ್ತೆಗೆ ಓದಿ ಹೇಳ್ದೆ. ಅವರು ಅವರೆಕಾಯಿ ಸುಲೀತಿದ್ರು, ಮಧ್ಯೆ ಎಲ್ಲೂ ಮಾತಾಡ್ಲಿಲ್ಲ. ಮೊರದ ತುಂಬ ಕಾಳಾಯ್ತು, ಸಿಪ್ಪೆ ಎಲ್ಲ ಸೆರಗಲ್ಲಿ ಬಾಚ್ಕೊಂಡು ಹಸೂಗೆ ಹಾಕಿ ಬಂದ್ರು. ಬಂದು ಕೂತ್ಕೊಂಡು, "ಮಗೀಗೆ ಏನ್ ಹೆಸ್ರು ಇಕ್ಕಿದ್ರಂತೆ?" ಅಂದ್ರು.

ಅಮ್ಮನ ಜೊತೇಲೇ ಹೋಯ್ತಂತೆ ಅತ್ತೆ, ಹೆಸರಿಡೋ ಮುಂಚೇನೇ ಅಂತ ಹೇಳ್ದೆ.

"ನಂದಕ್ಕೂ ಇಕ್ಕಿರ್ನಿಲ್ಲ" ಅಂದ್ರು. ಅತ್ತೆಗೆ ನಮ್ಮ ಭಾವನಿಗಿಂತ ಮುಂಚೆ ಒಂದು ಕೂಸು ಹುಟ್ಟಿ ಹೋಗಿತ್ತು ಅನ್ನೋದು ನನಗೆ ಗೊತ್ತೇ ಇರ್ಲಿಲ್ಲ. ಹೊಲದ ಬದುವಲ್ಲಿ ಹೂತಿದ್ರಂತೆ, ಗುರುತಿಗೆ ಒಂದು ಕಲ್ಲೂ ಇಟ್ಟಿಲ್ಲ, ಈಗ ಆ ಬದುವೂ ಇಲ್ಲ.

ಕೋಟೆ ಬಾಗ್ಲು
ಅಕ್ಕ, ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ನಾನು ಇಷ್ಟು ವರ್ಷ ಇಲ್ಲೇ ಇದ್ದು ಒಂದು ಸಲನೂ ಒಳಗೆ ಕಾಲಿಟ್ಟಿಲ್ಲ. ಯಾರಾದ್ರೂ ಹೋಗೋದಾದ್ರೆ ನಾನೂ ಬರ್ತೀನಿ.

ಗಂಜಾಂ ಅಂಜೂರ
ಬೆಳಗ್ಗೆ ಹೊತ್ತೇ ಬನ್ನಿ, ಎಂಟರಿಂದ ಹತ್ತು ಒಳ್ಳೇ ಟೈಮು, ಬಿಸಿಲು ಓರೆಯಾಗಿ ಬೀಳುತ್ತೆ, ಕಲ್ಲಿನ ಮೇಲಿನ ಅಕ್ಷರ ಓದೋಕೆ ಆಗುತ್ತೆ. ನಡು ಮಧ್ಯಾಹ್ನ ಏನೂ ಕಾಣಲ್ಲ. ಅಕ್ಷರದ ಮೇಲೆ ಸುಣ್ಣ, ಸೀಮೆಸುಣ್ಣ ಏನೂ ಉಜ್ಬೇಡಿ, ನೀರೂ ಹಾಕ್ಬೇಡಿ. ಮಳೆ ಬಂದಿದ್ರೆ ಹುಲ್ಲೊಳಗೆ ಹಾವು ಇರುತ್ತೆ, ಶೂ ಹಾಕ್ಕೊಂಡು ಬನ್ನಿ. ಸಣ್ಣ ಸಮಾಧಿಗಳು ಹುಲ್ಲಲ್ಲಿ ಮುಚ್ಚಿರ್ತವೆ, ಕಾಲಿಡೋಕ್ ಮುಂಚೆ ನೋಡ್ಕೊಂಡು ಇಡಿ.

ಲೇಬರ್ ವಾರ್ಡ್ ಸಿಸ್ಟರ್
ಈ ಭಾನುವಾರ ನನಗೆ ಡ್ಯೂಟಿ ಇಲ್ಲ. ಬರ್ತೀನಿ.

ಹಳೇ ಮೇಷ್ಟ್ರು
ಮಂಡಿ ನೋವಿದೆ, ಆದ್ರೂ ಬರ್ತೀನಿ. ಹಿಂದೆ ನನ್ನ ಹತ್ರ ಓದಿದ ಇಬ್ಬರು ಪಟ್ಟಣದಲ್ಲೇ ಇದ್ದಾರೆ, ಅವರನ್ನೂ ಕರ್ಕೊಂಡು ಬರ್ತೀನಿ.

ರಾತ್ರಿ ಪಾಳಿ
ಮಂಡ್ಯದಿಂದ ಅತ್ತೆನ ನನ್ನ ಗಾಡೀಲೇ ಕರ್ಕೊಂಡು ಬರ್ತೀನಿ ಅಕ್ಕ, ಬಾಡಿಗೆ ಮಾತು ಎತ್ತಬೇಡಿ. ಮೇಷ್ಟ್ರೇ ನಿಮ್ಮನ್ನೂ ಮನೆ ಹತ್ರನೇ ಹತ್ತಿಸ್ಕೋತೀನಿ.

ಬೆಲ್ಲದ ಆಲೆ
ಆಗ್ಲಿ ಅಣ್ಣ. ಭಾನುವಾರ ಎಂಟು ಗಂಟೆಗೆ ಪಟ್ಟಣದ ಬಸ್‌ಸ್ಟ್ಯಾಂಡ್ ಹತ್ರ ಎಲ್ರೂ ಸೇರೋಣ, ನಾನು ಮೈಸೂರಿಂದ ಸಿಟಿ ಬಸ್ಸಲ್ಲಿ ಬರ್ತೀನಿ. ದೇವರಾಜ ಮಾರ್ಕೆಟ್‌ನಲ್ಲಿ ಕಾಕಡ ತಗೊಂಡು ಬಾ ಅಂತ ಅತ್ತೆ ಫೋನ್ ಮಾಡಿದ್ರು. ಎಷ್ಟು ತರ್ಲಿ ಅಂದಿದ್ದಕ್ಕೆ, ನೀನೇ ಅಳೆದು ಬಂದಿದ್ಯಲ್ಲ, ಎರಡು ಮೊಳ ತಾ ಅಂದ್ರು.